ಗಾಲಿ ಚಿಕ್ಕದು ಮಾಡಿದವರು

ಸಭೆಗೆ ನಮಸ್ಕಾರ. ಅಗಲಿದವರ ಪತಿಗೆ, ಮಗಳಿಗೆ — ನಿನಗೆ ಏನಂತ ಹೇಳಲಮ್ಮಾ — ಎಲ್ಲರ ಪರವಾಗಿ ಕೈ ಮುಗಿಯುತ್ತೇನೆ.

ಆಟಿಕೆ ಕಾರ್ಖಾನೆಯಲ್ಲಿ ಅವರು ಬರೆದುಕೊಟ್ಟ ವಿನ್ಯಾಸಗಳನ್ನ ಮರದಲ್ಲಿ ಕಡೆದುಕೊಡ್ತಿದ್ದವನು ನಾನು. ಅವರನ್ನ ನಾವೆಲ್ಲ ನೆಲದ ಮೇಡಂ ಅಂತಿದ್ವಿ. ಕುರ್ಚಿ ಕೊಟ್ಟರೆ ಅದರ ಮೇಲೆ ಮರದ ತುಂಡು ಜೋಡಿಸೋರು, ತಾವು ಆಟಿಕೆ ಆಡಿ ನೋಡೋಕೆ ಬಂದ ಮಕ್ಕಳ ಜೊತೆ ನೆಲದಲ್ಲಿ. ಗೊಂಬೆಗೆ ಕಣ್ಣು ಬಾಯಿ ಬರೆಯೋಕೆ ಬಿಡ್ತಿರಲಿಲ್ಲ. ಅದು ಅಳ್ತಿದೆಯೋ ನಗ್ತಿದೆಯೋ ಮಗು ಹೇಳಲಿ, ನಾವ್ಯಾಕೆ ಹೇಳಬೇಕು ಅನ್ನೋರು.

ಅವರ ಮರದ ಬಂಡಿ ನೀವೆಲ್ಲ ನೋಡಿದ್ದೀರಿ. ಗಾಲಿ ಬಿಚ್ಚಿ ಬರತ್ತೆ — ಬರಲೇಬೇಕು. ಬಿಚ್ಚಿದರೇನೇ ಬಂಡಿ ಅಂಗಡಿಯಾಗೋದು, ಗಾಲಿ ತಟ್ಟೆಯಾಗೋದು, ಚಂದ್ರನಾಗೋದು. ಅದಕ್ಕೇ ಗಾಲಿ ಇಷ್ಟು — ನೋಡಿ, ನನ್ನ ಅಂಗೈಯಷ್ಟು ಅಗಲ. ಯಾವ ಮಗುವಿನ ಬಾಯಿಗೂ ಹೋಗಬಾರದು.

ಡಬ್ಬ ದೊಡ್ಡದಾಯ್ತು, ಅಂಗಡಿ ಕಪಾಟಿಗೆ ಹಿಡಿಸಲ್ಲ, ಗಾಲಿ ಚಿಕ್ಕದು ಮಾಡಿ ಅಂದರು ಮಾಲೀಕರು. ಮೇಡಂ ಒಪ್ಪಲಿಲ್ಲ. ಮೀಟಿಂಗಿನಲ್ಲಿ ಎಲ್ಲರ ಎದುರೇ ಹೇಳಿದರು, "ಇದು ಗಂಟಲಿಗೆ ಸಿಕ್ಕಿಕೊಳ್ಳತ್ತೆ." ನಾನೂ ಹೇಳಿದೆ. ಮಾರನೇ ದಿನ ನನ್ನನ್ನ ಉಗ್ರಾಣಕ್ಕೆ ಹಾಕಿ, ಗಾಲಿ ಬೇರೆಯವರ ಕೈಲಿ ಕಡೆಸಿದರು.

ಸಿಕ್ಕಿಕೊಂಡಿತು.

ಮಗು ಉಳಿಯಿತು, ಪುಣ್ಯ. ಮೇಡಂ ಕೆಲಸ ಉಳಿಯಲಿಲ್ಲ. ವಿನ್ಯಾಸದ ದೋಷ, ಮಾಡಿದವರನ್ನ ತೆಗೆದುಹಾಕಿದ್ದೇವೆ ಅಂತ ಕಂಪನಿ ಪೇಪರಿನಲ್ಲಿ ಹಾಕಿಸಿತು. ಆ ಮೀಟಿಂಗಿನಲ್ಲಿ ಇದ್ದವರು — ಇವತ್ತು ಇಲ್ಲೂ ಇದ್ದೀರಿ, ಹೆಸರು ಎತ್ತಲ್ಲ — ವಿಚಾರಣೆಯಲ್ಲಿ ನಾನೊಬ್ಬ ಇದ್ದದ್ದು ಹೇಳಿದೆ, ನೀವು ನೆನಪಿಲ್ಲ ಅಂದಿರಿ. ಒಬ್ಬರಾದ ಮೇಲೆ ಒಬ್ಬರು. ನೆನಪಿಲ್ಲ. ನೆನಪಿಲ್ಲ.

ಮೇಡಂ ಏನು ಮಾಡಿದರು ಗೊತ್ತಾ? ಆ ಮಗುವಿನ ಮನೆಗೇ ಹೋದರು. ನಾನೂ ಜೊತೆಗಿದ್ದೆ. ಮಗುವಿನ ತಾಯಿ ಬಾಗಿಲಲ್ಲೇ ನಿಲ್ಲಿಸಿ ಕೇಳಿದರು, "ನೀವೇನಾ ಮಾಡಿದ್ದು?"

ನಾನು ಬಾಯಿ ತೆಗೆಯೋದರೊಳಗೆ ಮೇಡಂ ಅಂದರು, "ಬಂಡಿ ನನ್ನದೇ ಅಮ್ಮ. ಗಾಲಿ ಹೀಗೆ ಬೇಡ ಅಂದೆ. ಅವರು ಕೇಳೋ ಹಾಗೆ ಹೇಳೋಕೆ ನನ್ನ ಕೈಲಾಗಲಿಲ್ಲ."

ಆ ತಾಯಿ ಬಾಗಿಲು ಬಿಟ್ಟು ಒಳಗೆ ಕರೆದರು. ಮೇಡಂ ಚೀಲದಿಂದ ಒಂದಿಷ್ಟು ದೊಡ್ಡ ಮರದ ತುಂಡುಗಳನ್ನ ನೆಲದ ಮೇಲೆ ಇಟ್ಟರು. ಮಗು ಅದನ್ನ ಕಂಡಿದ್ದೇ ಅಮ್ಮನ ಹಿಂದೆ ಅವಿತುಕೊಂಡಿತು. ವಾಪಸ್ ಬರುವಾಗ ಬಸ್ಸಿನಲ್ಲಿ ಅವರು ಆಡಿದ್ದು ಒಂದೇ ಮಾತು: "ಆಟಕ್ಕೇ ಹೆದರಿಬಿಡ್ತಲ್ಲ ಮಗು."

ಮತ್ತೆ ಪೆನ್ಸಿಲ್ ಹಿಡಿಯಲಿಲ್ಲ. ಆಮೇಲೆ ಹಾಸಿಗೆ ಹಿಡಿದರು. ಕಾಯಿಲೆಗೆ ಡಾಕ್ಟರು ಯಾವ ಹೆಸರಾದರೂ ಇಟ್ಟುಕೊಳ್ಳಲಿ.

ಈಗ ಕಂಪನಿ ಮತ್ತೆ ದೊಡ್ಡ ಗಾಲಿಯ ಬಂಡಿ ಮಾರ್ತಿದೆ. ಸುರಕ್ಷಿತವಾದ ಹೊಸ ವಿನ್ಯಾಸವಂತೆ! ಬಾಗಿಲ ಹತ್ತಿರ ಅವರು ಕಳಿಸಿದ ಹೂವಿನ ಹಾರವಿದೆ, ರಿಬ್ಬನ್ ಮೇಲೆ 'ನಮ್ಮ ಹೆಮ್ಮೆ' ಅಂತ ಬರೆಸಿದ್ದಾರೆ. ಕಿತ್ತು ಬಿಸಾಡೋಣ ಅಂದೆ. ಬೇಡ, ಎಲ್ಲರೂ ಓದಲಿ ಅಂದಳು ಮಗಳು. ಮಾಲೀಕರು ಬಂದಿಲ್ಲ. ಆ ತಾಯಿ ಬಂದಿದ್ದಾರೆ — ಹಿಂದಿನ ಸಾಲಿನಲ್ಲಿ, ಮಗುವಿನ ಜೊತೆ.

ಇನ್ನು ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಸ್ವಲ್ಪ ಹೊತ್ತು ಯಾರೂ ಮಾತಾಡದೆ ಇರೋಣ. ನಮ್ಮ ಕಾರ್ಖಾನೆಯವರಿಗೆ ಇದು ಕಷ್ಟವಾಗಲಾರದು.