ಸತ್ತ ಮೇಲೂ ಬರುವ ಪಾತ್ರ

ನಾನೂರು ವರ್ಷ ಹಳೆಯ ಆ ದುರಂತ ನಾಟಕವನ್ನು ಮತ್ತೆ ರಂಗಕ್ಕೆ ತಂದಿದ್ದರು. ವಿಷ, ಕತ್ತಿ, ಹೆಣದ ಮೇಲೆ ಹೆಣ. ವಿರಾಮದಲ್ಲಿ ದಂತವೈದ್ಯೆ ಚಹಾದ ಸಾಲಿನಲ್ಲಿ ನಿಂತಿದ್ದಳು. ಅವಳು ಒಬ್ಬಳೇ ಬಂದಿದ್ದಳು. ಮನೆಗೆ ಹೋದರೆ ನಾಟಕ ಹೇಗಿತ್ತು ಎಂದು ಕೇಳುವವರೂ ಇರಲಿಲ್ಲ. ಅವಳ ಹಿಂದೆ ವಯಸ್ಸಾದ ಗಂಡ ಹೆಂಡತಿ ದನಿ ತಗ್ಗಿಸಿ ಮಾತಾಡುತ್ತಿದ್ದರು.

“ನಡಿಯೇ, ಮನೆಗೆ ಹೋಗೋಣ. ನಮ್ಮ ಮಗಳ ಪಾತ್ರ ಮುಗೀತಲ್ಲ. ಕೊಂದೇ ಬಿಟ್ರಲ್ಲ ಅವಳನ್ನ.”

“ನಾಟಕ ಕಣ್ರೀ ಅದು. ನೀವು ಹಾಗೆ ಎದ್ದು ನಿಂತ್ಬಿಡೋದಾ? ಹಿಂದಿನವ್ರೆಲ್ಲ ಬೈದ್ರು.”

“ಅವಳು ಕಿರುಚಿದ್ದು ಕೇಳಿ ತಡ್ಕೊಳ್ಳೋಕಾಗ್ಲಿಲ್ಲ ಕಣೇ.”

ಗಂಡನೇ ಮತ್ತೆ ಮಾತು ಮುಂದುವರಿಸಿದರು.

“ನಾಟಕ ಅಂತ ಮನೆ ಬಿಟ್ಟು ಹೋದ್ರೆ ನಮ್ಮ ಪಾಲಿಗೆ ನೀನು ಸತ್ತಂಗೇ ಅಂತ ಅವಳಿಗೆ ಅಂದಿದ್ದೆ. ಯಾವ ಬಾಯಲ್ಲಿ ಅಂದ್ನೋ.”

“ಈಗಾದ್ರೂ ಸ್ಟೇಜ್ ಹಿಂದೆ ಹೋಗಿ ಮಾತಾಡ್ಸಿ.”

“ನನ್ನ ಮುಖ ನೋಡ್ತಾಳಾ?”

ಸಾಲು ಒಂದು ಹೆಜ್ಜೆ ಮುಂದೆ ಸರಿಯಿತು. ದಂತವೈದ್ಯೆ ಮಾತ್ರ ಸರಿಯಲು ಮರೆತಳು.

“ಕೊನೇ ದೃಶ್ಯದಲ್ಲಿ ದೆವ್ವ ಆಗಿ ಮತ್ತೆ ಬರ್ತಾಳಂತೆ ರೀ. ಪಕ್ಕದ ಸೀಟಿನಾಕೆ ಹೇಳಿದ್ರು.”

“ಹೌದಾ? ಮಾತಾಡ್ತಾಳಂತಾ?”

“ಇಲ್ವಂತೆ. ಸುಮ್ನೆ ಬಂದು ನಿಲ್ತಾಳಂತೆ.”



“ಹಾಗಾದ್ರೆ ಇರೋಣ. ಮುಂದಿನ ಸಾಲಲ್ಲಿ ಎಲ್ಲಾದ್ರೂ ಜಾಗ ಇದ್ಯಾ ನೋಡು.”

ಗಂಟೆ ಹೊಡೆಯಿತು. ಇಬ್ಬರೂ ಚಹಾದ ಸಾಲು ಬಿಟ್ಟು ಒಳಗೆ ನಡೆದರು. ದಂತವೈದ್ಯೆ ಏನೋ ಹೇಳಬೇಕೆಂದು ತಿರುಗಿದಳು. ಹಿಂದೆ ಯಾರೂ ಇರಲಿಲ್ಲ.