ಡ್ಯಾಕ್ ಪೆಟ್ಟಿಗೆ ಅದಲುಬದಲಾದ ಬಗ್ಗೆ

ಜಯದೇವಪ್ಪ ಬಿನ್ ಲೇಟ್ ಚನ್ನಬಸಪ್ಪ, ವಯಸ್ಸು 60 ವರ್ಷ, ಗೊಬ್ಬರದ ಅಂಗಡಿ ವ್ಯಾಪಾರ, ವಾಸ: ಬಸ್ ನಿಲ್ದಾಣದ ಹಿಂದಿನ ಬೀದಿ, ನರಸಿಂಹರಾಜಪುರ ಪಟ್ಟಣ. ಈ ದಿನ ಸಂಜೆ 5.30ಕ್ಕೆ ಠಾಣೆಗೆ ಹಾಜರಾಗಿ, ದಿನಾಂಕ 06.05.2024ರಂದು ಕೊಟ್ಟ ದೂರಿನ ಮುಂದುವರಿಕೆಯಾಗಿ ಈ ಮೂಲಕ ತಿಳಿಸುವುದೇನೆಂದರೆ:

ನಾನು ಮೇಲ್ಕಂಡ ವಿಳಾಸದಲ್ಲಿ ನನ್ನ ಹೆಂಡತಿ, 54 ವರ್ಷದ ಗಂಗಾಂಬಿಕೆಯೊಂದಿಗೆ ವಾಸವಾಗಿದ್ದೇನೆ. ಮನೆಯ ಹಾಲ್‌ನಲ್ಲಿ ಒಂದು ಸಿ.ಡಿ. ಪ್ಲೇಯರ್, ಒಂದು ಆಂಪ್ಲಿಫೈಯರ್ ಮತ್ತು ಎರಡು ಸ್ಪೀಕರ್ ಇವೆ. ನಾನು ಹೆಚ್ಚಾಗಿ ಕೇಳುವುದು ಒಂದೇ ಸಿ.ಡಿ. 1990ರಲ್ಲಿ ಮುತ್ತಿನಕೊಪ್ಪದ ಮಾವನ ಮನೆಯಲ್ಲಿ ನಮ್ಮ ನಿಶ್ಚಿತಾರ್ಥವಾದಾಗ ಹೆಂಗಸರು ಹೇಳಿದ ಸೋಬಾನೆ ಹಾಡುಗಳು ಅದರಲ್ಲಿವೆ. ಆಗ ಟೇಪ್‌ರೆಕಾರ್ಡರಿನಲ್ಲಿ ಹಿಡಿದಿದ್ದ ಕ್ಯಾಸೆಟ್ಟನ್ನು ನಂತರ ಸಿ.ಡಿ.ಗೆ ಹಾಕಿಸಿದ್ದು. ಆ ದಿನ ಗಂಗಾಂಬಿಕೆ ನನ್ನನ್ನು ಕಂಡ ಕೂಡಲೇ ಒಪ್ಪಿದಳೆಂದು 34 ವರ್ಷದಿಂದ ನೆಂಟರಿಷ್ಟರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ಆಕೆ ಪಕ್ಕದಲ್ಲೇ ಇದ್ದು ಒಮ್ಮೆಯೂ ಅಲ್ಲವೆಂದಿಲ್ಲ.

ಕೊಪ್ಪದಲ್ಲಿ ಟಿ.ವಿ. ರಿಪೇರಿ ಅಂಗಡಿ ಇಟ್ಟಿರುವ ಕಾಂತೇಶ್, 32 ವರ್ಷ, ನನ್ನ ಹೆಂಡತಿಯ ತಂಗಿಯ ಮಗ. ಸಿ.ಡಿ.ಯಲ್ಲಿರುವುದು ಬರೀ ಅಂಕಿ, ಅದನ್ನು ಸ್ವರ ಮಾಡುವ ಭಾಗ ನಿಮ್ಮ ಪ್ಲೇಯರಿನಲ್ಲಿ ಕಳಪೆಯಾಗಿದೆ, ಆ ಕೆಲಸಕ್ಕೆಂದೇ ಡ್ಯಾಕ್ ಎಂಬ ಬೇರೆ ಪೆಟ್ಟಿಗೆ ಬರುತ್ತದೆ ಎಂದು ಅವನು ತಿಳಿಸಿದ. 14.04.2024ರ ಭಾನುವಾರ ಬೆಳಿಗ್ಗೆ 11ಕ್ಕೆ ಅದನ್ನು ತಂದು ಜೋಡಿಸಿದ. ಜೋಡಿಸುವ ಮೊದಲು ನಾನು ಪೆಟ್ಟಿಗೆಯನ್ನು ಅಂಗಡಿಯ ತಕ್ಕಡಿಯಲ್ಲಿ ತೂಗಿ, 1 ಕೆ.ಜಿ. 140 ಗ್ರಾಂ ಎಂದು ಬರೆದಿಟ್ಟುಕೊಂಡೆ. ಯಾರನ್ನೂ ಪೂರ್ತಿ ನಂಬುವುದು ನನ್ನ ಅಭ್ಯಾಸವಲ್ಲ.

ಪೆಟ್ಟಿಗೆ ಬಂದ ಮೇಲೆ ಹಾಡು ಹೇಳುವವರ ಬಳೆ ಸದ್ದು, ಅಂಗಳದಲ್ಲಿ ಯಾರೋ ಕೊಡ ಇಳಿಸಿದ್ದು, ನನ್ನ ತೀರಿಹೋದ ತಂದೆಯ ಕೆಮ್ಮು ಸಹ ಕೇಳತೊಡಗಿತು. ತಂದೆಯ ಕೆಮ್ಮು ಕೇಳಿದ ದಿನ ಊಟ ಸೇರಲಿಲ್ಲ. ಮೂರನೇ ಹಾಡಿನ ಹಿನ್ನೆಲೆಯಲ್ಲಿ, 11 ನಿಮಿಷ 20 ಸೆಕೆಂಡಿಗೆ, ಇಬ್ಬರು ಹೆಂಗಸರು ಪಿಸುಗುಟ್ಟುವುದೂ ಕೇಳಿತು. ಏನು ಮಾತೆಂದು ತಿಳಿಯಲಿಲ್ಲ. 26.04.2024ರ ಶುಕ್ರವಾರ ಊಟದ ಹೊತ್ತಿನಲ್ಲಿ ಇದನ್ನು ಹೆಂಡತಿಗೆ ಹೇಳಿ, ಒಂದು ಧ್ವನಿ ನಿನ್ನದೇ ಇದ್ದಂತಿದೆ, ಭಾನುವಾರ ಜೋರಾಗಿ ಇಟ್ಟು ಕೇಳುತ್ತೇನೆ ಎಂದೆ. ಎಂತದೋ ಹಳೇ ಗಲಾಟೆ, ಬಿಡಿ ಎಂದು ಆಕೆ ಹೇಳಿ ಮಜ್ಜಿಗೆ ತರಲು ಎದ್ದಳು.

ಮರುದಿನ ಶನಿವಾರ ಮಧ್ಯಾಹ್ನ 3.40ಕ್ಕೆ ಗುಡುಗು ಬಂತು. ಮೊದಲ ಗುಡುಗಿಗೇ ಮನೆಯ ಪ್ಲಗ್ಗು, ವೈರು ಎಲ್ಲ ಕಿತ್ತಿಡಬೇಕೆಂಬುದು ನಾನೇ ಮಾಡಿದ ಕಟ್ಟಳೆ. ನಾನು ಅಂಗಡಿಯಲ್ಲಿರುವುದರಿಂದ ಕೀಳುವುದೂ ವಾಪಸ್ ಹಾಕುವುದೂ ಹೆಂಡತಿಯ ಕೆಲಸ. ಅದೇ ಸಂಜೆ 5.15ಕ್ಕೆ, ನಾನಿಲ್ಲದಾಗ, ಕಾಂತೇಶ್ ಮನೆಗೆ ಬಂದು ಒಂದು ಬಾಟಲಿ ಮಿಡಿ ಉಪ್ಪಿನಕಾಯಿ ಕೊಟ್ಟು ಹತ್ತು ನಿಮಿಷದಲ್ಲಿ ಹೊರಟುಹೋದನಂತೆ. ಭಾನುವಾರ ಬೆಳಿಗ್ಗೆ 10ಕ್ಕೆ ಸಿ.ಡಿ. ಹಾಕಿದರೆ ಪಿಸುಮಾತು ಇಲ್ಲ. ಬಳೆ ಇಲ್ಲ. ಅಪ್ಪನ ಕೆಮ್ಮೂ ಇಲ್ಲ. ಸ್ವರ ಕಂಬಳಿಯೊಳಗಿಂದ ಬಂದಂತಿತ್ತು. ಪೆಟ್ಟಿಗೆಯ ನೀಲಿ ದೀಪ ಮಾತ್ರ ಉರಿಯುತ್ತಿತ್ತು.

ಆಗ ಪೆಟ್ಟಿಗೆ ತೂಗಲೆಂದು "ನಾನು ಮುಂಭಾಗದ ಎರಡು ವೈರ್ ಬಿಡಿಸಿ..." ಎಂದು ಹಿಂದಿನ ದೂರಿನಲ್ಲಿ ಬರೆಸಿದ್ದು ತಪ್ಪು. ವೈರ್‌ಗಳು ಹಿಂಭಾಗದಲ್ಲಿವೆ, ಅವನ್ನು ಕಿತ್ತುಕೊಟ್ಟವಳು ಹೆಂಡತಿ. ನಾನು ಪೆಟ್ಟಿಗೆಯನ್ನು ಮತ್ತೆ ತೂಗಿದೆ. 1 ಕೆ.ಜಿ. 140 ಗ್ರಾಂ. ಒಂದು ಗ್ರಾಂ ಸಹ ವ್ಯತ್ಯಾಸವಿಲ್ಲದ್ದು ನೋಡಿ, ಒಳಗಿನದ್ದು ತೆಗೆದು ಸಮತೂಕಕ್ಕೆ ಏನೋ ತುಂಬಿದ್ದಾನೆಂಬ ಅನುಮಾನ ಬಲವಾಯಿತು. ತೂಗಿದ ಮೇಲೆ ವೈರ್ ಸಿಕ್ಕಿಸಿದವಳೂ ಆಕೆಯೇ. ಕಾಂತೇಶನಿಗೆ ಫೋನ್ ಮಾಡಿದಾಗ ಅವನು ಸಿಟ್ಟಾಗದೆ, "ದೊಡ್ಡಪ್ಪ, ಪೆಟ್ಟಿಗೆ ಅದೇ ಮಾರಾಯ್ರೆ, ನಾನೇ ಬಂದು ನೋಡ್ತೀನಿ" ಎಂದ. ಅತಿ ವಿನಯಂ ಧೂರ್ತ ಲಕ್ಷಣಂ ಎಂದುಕೊಂಡು ಬರಬೇಡವೆಂದೆ. ಒಂದು ವಾರ ಕಾದು 06.05.2024ರಂದು ಅವನ ಮೇಲೆ ದೂರು ಕೊಟ್ಟೆ. ಅಂದಿನಿಂದ ಹೆಂಡತಿ ನನ್ನ ಹತ್ತಿರ ಮಾತು ಕಡಿಮೆ ಮಾಡಿದಳು. ತಂಗಿಯ ಮಗನ ಪರ ಎಂದು ಆಕೆಯ ಮೇಲೂ ನನಗೆ ಗುಮಾನಿ ಬಂತು.

ಈ ದಿನ 08.05.2024ರಂದು ಮಧ್ಯಾಹ್ನ 3.30ಕ್ಕೆ ಹೆಡ್ ಕಾನ್‌ಸ್ಟೇಬಲ್ ಮಹೇಶ್ವರ ಅವರು ಸ್ಥಳ ಮಹಜರಿಗೆ ಕಾಂತೇಶನನ್ನೂ ಕರೆದುಕೊಂಡು ಮನೆಗೆ ಬಂದರು. ಏನನ್ನೂ ಮುಟ್ಟಕೂಡದೆಂದು ಕಾಂತೇಶನನ್ನು ನಾನು ಆರು ಅಡಿ ದೂರ ನಿಲ್ಲಿಸಿದೆ. ಮಹೇಶ್ವರ ಅವರು ಸ್ಟ್ಯಾಂಡ್ ಎಳೆಸಿ ಹಿಂದೆ ಬಗ್ಗಿ ನೋಡಿ, "ಈ ಕೆಂಪು ಬಿಳಿ ವೈರು ಪೆಟ್ಟಿಗೆಗೆ ಹೋಗೇ ಇಲ್ವಲ್ಲ ಮಾರಾಯ್ರೆ" ಎಂದರು. ಅದು ಪ್ಲೇಯರಿನಿಂದ ನೇರವಾಗಿ ಆಂಪ್ಲಿಫೈಯರಿಗೆ, ಪೆಟ್ಟಿಗೆ ಬರುವ ಮೊದಲು ಇದ್ದಂತೆಯೇ, ಹೋಗಿತ್ತು. ಪೆಟ್ಟಿಗೆ ಸುಮ್ಮನೆ ದೀಪ ಉರಿಸಿಕೊಂಡು ಕೂತಿತ್ತು. ಇದು ಯಾರು ಮಾಡಿದ್ದೆಂದು ಕೇಳಿದಾಗ ಕಾಫಿ ತಂದ ಗಂಗಾಂಬಿಕೆ ತಾನೇ ಎಂದಳು.

ಗೊತ್ತಾಗದೆ ಹಾಕಿರಬೇಕೆಂದು ನಾನು ಕಾಂತೇಶನಿಂದ ವೈರನ್ನು ಪೆಟ್ಟಿಗೆಗೆ ಹಾಕಿಸಿ, ಪರೀಕ್ಷೆಗೆಂದು ಮೂರನೇ ಹಾಡು ಹಾಕಲು ಹೋದೆ. ಬೇಡ, ಕಾಫಿ ಆರುತ್ತದೆ ಎಂದು ಹೆಂಡತಿ ಎರಡು ಸಲ ಹೇಳಿದಳು. ನನಗೆ ಅನುಮಾನ ಹೆಚ್ಚಾಗಿ ವಾಲ್ಯೂಮ್ ಪೂರ್ತಿ ಇಟ್ಟೆ. 11 ನಿಮಿಷ 20 ಸೆಕೆಂಡಿಗೆ ಇಪ್ಪತ್ತು ವರ್ಷದ ಗಂಗಾಂಬಿಕೆಯ ಧ್ವನಿ, "ಅವ್ವ, ನಂಗೆ ಈ ಸಂಬಂಧ ಬ್ಯಾಡ. ಅವ್ರು ನನ್ನ ಒಂದು ಮಾತೂ ಕೇಳ್ಲಿಲ್ಲ" ಎಂದಿತು. ನನ್ನ ಅತ್ತೆಯ ಧ್ವನಿ, "ಸುಮ್ನಿರು, ವೀಳ್ಯ ಬದ್ಲಾಗಿದೆ" ಎಂದಿತು. ಆಮೇಲೆ ಹಾಡು ಮುಂದುವರಿಯಿತು.

ಮಹೇಶ್ವರ ಅವರು ಲೋಟ ಕೆಳಗಿಟ್ಟು, ಇದನ್ನು ಮಹಜರಿನಲ್ಲಿ ಬರೆಯಬೇಕೋ ಎಂದು ಕೇಳಿದರು. ಬೇಡವೆಂದೆ. ಈಗ ನಾನೇ ಬರೆಸುತ್ತಿದ್ದೇನೆ, ಇಲ್ಲದಿದ್ದರೆ ಕಾಂತೇಶ್ ನಿರ್ದೋಷಿ ಎಂಬುದಕ್ಕೆ ಕಾರಣ ಸಿಗುವುದಿಲ್ಲ. ವೈರ್ ಯಾಕೆ ಹಾಗೆ ಹಾಕಿದೆ ಎಂದು ಹೆಂಡತಿಯನ್ನು ಕೇಳಿದೆ. ಗುಡುಗಿಗೆ ಕಿತ್ತದ್ದು ಹೌದು, ವಾಪಸ್ ಹಾಕುವಾಗ ಬೇಕೆಂದೇ ಹಳೇ ತೂತಿಗೆ ಹಾಕಿದೆ, ಕಾಂತೇಶನ ಮೇಲೆ ದೂರು ಹೋಗುತ್ತದೆಂದು ಎಣಿಸಿರಲಿಲ್ಲ ಎಂದಳು. ಸಿ.ಡಿ.ಯಲ್ಲಿ ಕೇಳಿದ ಆ ಮಾತು ನಿಜವೋ ಎಂದೆ. "ಆವತ್ತಿನ ಮಾತು ಆವತ್ತಿಗೆ ನಿಜ. ಆಮೇಲಿಂದು ನೀವು ಕೇಳಿದ್ರೆ ತಾನೆ ಹೇಳೋದು?" ಎಂದು ಹೇಳಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಆದ್ದರಿಂದ ಕಾಂತೇಶನ ಮೇಲಿನ ದೂರನ್ನು ವಾಪಸ್ ಪಡೆಯುತ್ತೇನೆ. ಅವನ ಕ್ಷಮೆ ಕೇಳಿದ್ದೇನೆ. ಆಮೇಲಿನ ಮಾತೇನೆಂದು ಹೆಂಡತಿಯನ್ನು ಇನ್ನೂ ಕೇಳಿಲ್ಲ. ಇಲ್ಲಿಂದ ಹೋಗಿ ಕೇಳಬೇಕು. ಉತ್ತರ ಏನು ಬರುವುದೋ ಎಂದು ಹೆದರಿಕೆಯಾಗುತ್ತಿದೆ.

ಮೇಲೆ ಬರೆದದ್ದೆಲ್ಲ ನಾನು ಹೇಳಿದಂತೆಯೇ ಇದೆ, ನಿಜವಾಗಿದೆ. ನನಗೆ ಓದಿ ಹೇಳಿದಾಗ ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದ್ದೇನೆ.

ಸ್ಥಳ: ನರಸಿಂಹರಾಜಪುರ
ದಿನಾಂಕ: 08.05.2024
ಸಹಿ: ಜಯದೇವಪ್ಪ