ಕರಡಿ ಮಾತಾಡೋ ಹಾಗಿಲ್ಲ

...ಅಯ್ಯೋ, ಅಷ್ಟು ಜೋರಾಗಿ ತಲೆ ಆಡಿಸಬೇಡ ಚಿಕ್ಕಪ್ಪ, ಕರಡಿ ವೇಷದ ಕಿವಿ ಕಿತ್ಕೊಂಡು ಬರತ್ತೆ! ಆಮೇಲೆ ಒಂಟಿ ಕಿವಿ ಕರಡಿಗೆ ಯಾವ ಮಗು ಕೈ ಕೊಡತ್ತೆ? ಹ್ಞೂಂ, ಹಾಗೆ... ನೀನು ರಸ್ತೆ ಕಡೆ ತಿರುಗಿ ಕೈ ಬೀಸ್ತಾ ಇರು. ನಾನು ಬಾಗಿಲ ನೆರಳಲ್ಲಿ ನಿಂತು ಹೇಳ್ತೀನಿ. ಉತ್ತರ ಕೊಡೋ ತಾಪತ್ರಯ ನಿಂಗಿಲ್ಲ. ಆಟದ ಸಾಮಾನಿನ ಅಂಗಡಿ ಕರಡಿ ಬಾಯಿ ಬಿಟ್ರೆ ಮಕ್ಕಳು ಹೆದರ್ತವೆ, ಮಾತಾಡಿದ ದಿನವೇ ಮನೆಗೆ ಕಳಿಸ್ತೀನಿ ಅಂತ ಯಜಮಾನರು ಹೇಳಿದಾರಲ್ಲ! ನಂಗಂತೂ ಒಳ್ಳೇದೇ ಆಯ್ತು. ಮನೇಲಿ ನಾನು ಬಾಯಿ ತೆರೆಯೋ ಅಷ್ಟರಲ್ಲಿ ನೀವೆಲ್ಲ ಮಾತು ಮುಗಿಸಿ ಕೈ ತೊಳೆದಿರ್ತೀರ. ಇವತ್ತು ಸಿಕ್ಕಿದ್ರು ನೋಡು, ಪೂರ್ತಿ ಕೇಳೋರು... ಓಡಿ ಹೋಗೋಕೂ ಆಗದೋರು!

ಎಲ್ಲಿಗೆ ನಿಲ್ಲಿಸಿದ್ದೆ? ಹ್ಞಾಂ, ನಿನ್ನೆ ಮಧ್ಯಾಹ್ನ. ನಾನು ಊಟದ ಡಬ್ಬಿ ತಂದೆ, ನೀನು ಇಲ್ಲೇ, ಇದೇ ಬಿಸಿಲಲ್ಲಿ, ದೊಪ್ಪಂತ ಬಿದ್ದೆ. ಬಿದ್ದಮೇಲೆ ಏನಾಯ್ತು ಅಂತ ನಿಂಗೆ ನೆನಪಿಲ್ಲ... ಇಲ್ಲ ತಾನೇ? ಅದಕ್ಕೇ ಹೇಳ್ತಿರೋದು. ಇನ್ನೂ ಯಾರಿಗೂ ಹೇಳಿಲ್ಲ, ಇದೇ ಮೊದಲು. ಏಯ್, ಕೈ ಯಾಕೆ ನಿಂತಿತು? ಬೀಸು, ಬೀಸು! ಯಜಮಾನರು ಗಾಜಿನ ಆ ಕಡೆಯಿಂದ ನೋಡ್ತಿದಾರೆ.

ಮೊದಲು ಮಕ್ಕಳೆಲ್ಲ ಚಪ್ಪಾಳೆ ಹೊಡೆದ್ರು. ಕರಡಿ ನಿದ್ದೆ ಆಟ ಆಡ್ತಿದೆ ಅಂದ್ಕೊಂಡು! ಒಬ್ಬ ಪುಟಾಣಿ ಬಂದು ನಿನ್ನ ಹೊಟ್ಟೆ ಮೇಲೇ ಕೂತ. ನಾನೂ ಯಜಮಾನರೂ ಸೇರಿ ಒಳಗೆ ಎಳ್ಕೊಂಡು ಹೋಗಿ ತಲೆ ತೆಗೆದ್ವಿ... ಕರಡಿ ತಲೆ, ನಿಂದಲ್ಲ! ಮುಖ ಕಾದ ಹೆಂಚು. ಒಂದು ಹನಿ ಬೆವರಿಲ್ಲ. ಅಷ್ಟು ಸೆಕೇಲಿ ಬೆವರು ನಿಂತುಹೋದ್ರೆ ಅಪಾಯ ಅಂತ ನಾನು ಓದಿದ್ದೆ. ಓದಿದ್ದೆಲ್ಲ ಆ ಹೊತ್ತಿಗೆ ಎಲ್ಲಿ ಹೋಯ್ತೋ! ಆಮೇಲೆ ನೀನು ಕಣ್ಣು ಬಿಟ್ಟೆ. ಎದುರಿಗೆ ಆ ಬಟ್ಟೆ ಜಿರಾಫೆ ಇತ್ತಲ್ಲ? ಅದಕ್ಕೆ ಕೈ ಮುಗಿದು, "ಅತ್ತೆ, ಯಾವಾಗ ಬಂದ್ರಿ? ಕತ್ತು ಯಾಕೆ ಇಷ್ಟುದ್ದ ಆಗಿದೆ?" ಅಂದೆ!

ಯಾಕೆ ನಗ್ತಿದೀಯ? ಹೊಟ್ಟೆ ಕುಣೀತಿದೆ, ಕಾಣತ್ತೆ! ನಗು ನಗು. ಚಿಕ್ಕಮ್ಮನ ಅಮ್ಮಂಗೆ ಗೊತ್ತಾದ್ರೆ ನಿನ್ನ ಗತಿ ಅಷ್ಟೇ. "ಅಳಿಯ ಮನೆಗೆ ಬಂದ್ರೆ ಒಂದು ಲೋಟ ನೀರು ಕೊಡೋ ಮನಸ್ಸಿಲ್ವಲ್ಲ ನಿಮಗೆ" ಅಂತ ಬೇರೆ ಜಿರಾಫೆಗೆ ದಬಾಯಿಸಿದೆ! ಕೊಟ್ಟಿದ್ರೆ ಕುಡೀತಿದ್ಯಾ ನೀನು? ಬಾತ್‌ರೂಮಿಗೆ ಹೋಗಬೇಕಂದ್ರೆ ಇಡೀ ಕರಡಿ ಬಿಚ್ಚಬೇಕು ಅಂತ ಬೆಳಿಗ್ಗೆಯಿಂದ ನೀರೇ ಮುಟ್ಟಿರಲಿಲ್ಲ. ಬಗ್ಗು, ಸ್ಟ್ರಾ ತಂದಿದೀನಿ. ಕರಡಿ ಬಾಯಿ ಎಲ್ಲೋ, ನಿನ್ನ ಬಾಯಿ ಎಲ್ಲೋ... ಸಿಕ್ತಾ? ಪೂರ್ತಿ ಕುಡಿ.

ಕ್ಲಿನಿಕ್ಕಲ್ಲಿ ನಿನ್ನ ಈ ಪಕ್ಕ ರಸ್ತೆಗೆ ಡಾಂಬರು ಹಾಕೋ ಅಣ್ಣ, ಆ ಪಕ್ಕ ಟ್ರಾಫಿಕ್ ಪೊಲೀಸು, ಮಧ್ಯದಲ್ಲಿ ಕರಡಿ ಪ್ಯಾಂಟಲ್ಲಿ ನೀನು. ಎಲ್ಲರಿಗೂ ಡ್ರಿಪ್ಪು. ಮೊದಲೆಲ್ಲ ಬೇಸಿಗೇಲಿ ಅಪರೂಪಕ್ಕೆ ಯಾರೋ ಹೀಗೆ ಬರ್ತಿದ್ರಂತೆ, ಈಗ ಹಾಸಿಗೆ ಸಾಲಲ್ಲ ಅಂದ್ರು ಡಾಕ್ಟರಮ್ಮ. ಇಲ್ಲೊಂದೇ ಅಲ್ಲ ಚಿಕ್ಕಪ್ಪ, ಎಲ್ಲಾ ಕಡೆ ಹೀಗೇ. ನಾನು ಓದಿದೀನಿ... ಎಲ್ಲೋ ಗದ್ದೇಲಿ ದುಡಿಯೋ ಗಟ್ಟಿಮುಟ್ಟಾದ ಹುಡುಗರಿಗೆ ಬಿಸಿಲಿಗೇ ಕಿಡ್ನಿ ಹೋಗ್ತಿದೆಯಂತೆ. ಇನ್ನೆಲ್ಲೋ ಸೊಳ್ಳೆಗಳು ತಣ್ಣನೆ ಬೆಟ್ಟದೂರಿಗೆಲ್ಲ ಹತ್ತಿಬಿಟ್ಟಿವೆ, ಡೆಂಗಿ ಕಟ್ಕೊಂಡು ರಜೆಗೆ ಹೋದ ಹಾಗೆ! ಒಂದು ದೇಶದ ಕಾಡು ಉರಿದ್ರೆ ಪಕ್ಕದ ದೇಶದ ಮಕ್ಕಳಿಗೆ ಕೆಮ್ಮು... ಆಕಳಿಸ್ತಿದೀಯಾ? ಆಕಳಿಸು, ನಂಗೇನೂ ಕಾಣಲ್ಲ.

ಡಾಕ್ಟರಮ್ಮ ಹೇಳಿದ್ದಾದ್ರೂ ಕೇಳು. ಸೆಕೆ ಇಳಿಯೋವರೆಗೆ ಆ ವೇಷ ಮುಟ್ಟಬಾರದು, ಇನ್ನೊಂದು ಸಲ ಹೀಗೆ ಬಿದ್ರೆ ಏಳೋದು ಕಷ್ಟ ಅಂದ್ರು. "ಆಯ್ತು ಡಾಕ್ಟ್ರೇ" ಅಂದೆ, ಒಳ್ಳೆ ಹುಡುಗನ ಹಾಗೆ. ಬಾಗಿಲು ದಾಟಿದ್ದೇ ನನ್ನ ಕಿವೀಲಿ ಏನಂದೆ? "ನಾಳೆ ಒಂದಿನ ಮಲಗ್ತೀನಿ, ನಾಡಿದ್ದು ಹಾಕ್ಕೋತೀನಿ. ಚಿಕ್ಕಮ್ಮಂಗೆ ಒಂದಕ್ಷರ ಹೇಳಕೂಡದು, ಆಣೆ ಮಾಡು" ಅಂತ...

...ಕರಡೀ?

ಕೈ ನಿಂತೇಹೋಯ್ತು. ತಲೆಯೂ ಆಡ್ತಿಲ್ಲ.

ಗೊತ್ತು ಕಣೇ ಚಿಕ್ಕಮ್ಮ. ಬಂದ ತಕ್ಷಣ ಗೊತ್ತಾಯ್ತು. ಯಾವ ಕರಡಿ ಸಿಕ್ಕ ಮಗುವಿನ ಮೂಗು ಒರೆಸಿ, ಅಂಗಿ ಗುಂಡಿ ಹಾಕಿ ಕಳಿಸತ್ತೆ? ಕಾಲು ಉಳುಕಿದೆ ಅಂತ ಚಿಕ್ಕಪ್ಪ ನರಳಿದ್ದನ್ನ ನಂಬಿ, ಕೆಲಸ ಕೈತಪ್ಪಬಾರದು ಅಂತ ಯಜಮಾನರಿಗೂ ಗೊತ್ತಾಗದ ಹಾಗೆ ನೀನೇ ಇದರೊಳಗೆ ತೂರ್ಕೊಂಡಿದೀಯ. ನಾನು ಆಣೆ ಮುರಿದಿಲ್ಲ! ಚಿಕ್ಕಮ್ಮಂಗೆ ಹೇಳಲೇ ಇಲ್ಲ. ಕರಡಿಗೆ ಹೇಳಿದೆ. ಕರಡಿಗೆ ಹೇಳಬಾರದು ಅಂತ ಅವನು ಅಂದಿರಲಿಲ್ಲ...

ಬೈಯಲ್ವಾ? ನೀನು ಸುಮ್ಮನೆ ನಿಂತ್ರೆ ನಂಗೆ ಭಯ ಆಗತ್ತೆ... ನಿನ್ನೆಯೂ ಹೀಗೇ ಭಯ ಆಗಿತ್ತು. ನಗಿಸೋಣ ಅಂತ ಆಗ ಒಂದು ಮಾತು ಬಿಟ್ಟು ಹೇಳಿದೆ. ಅವನು ನನ್ನ ಕಡೆ ತಿರುಗಿ "ನೀನು ಯಾರ ಮಗು?" ಅಂದ ಚಿಕ್ಕಮ್ಮ. ಎರಡು ಸಲ ಕೇಳಿದ.

...ಏಯ್, ಎಲ್ಲಿಗೆ? ತಲೆಯಾದ್ರೂ ತೆಗಿ! ಕರಡಿ ಹಾಗೇ ರಸ್ತೆ ದಾಟಿ ಮನೆಗೆ ಹೋದ್ರೆ... ಚಿಕ್ಕಮ್ಮಾ, ಬಸ್ಸು! ನೆರಳಲ್ಲಿ ನಡಿ, ಓಡಬೇಡ! ಚಿಕ್ಕಪ್ಪ ಎಲ್ಲಿಗೂ ತಪ್ಪಿಸ್ಕೊಂಡು ಹೋಗಲ್ಲ... ಕಾಲು ಉಳುಕಿದೆಯಲ್ಲ!